ಹೊಸೂರಿಗೆ ವಿಮಾನ ಬರುವ ಮೊದಲು: ಕೃಷ್ಣಗಿರಿ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಾನು ತಳಿ ಕಡೆಯವನು. ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್ಕಾಟ್‌ನಲ್ಲಿ ಲೇತ್ ಮುಂದೆ ನಿಂತು ದುಡಿಯುತ್ತೇನೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳು ಹೊಸೂರಿಗೆ 2,000 ಎಕರೆಯ ವಿಮಾನ ನಿಲ್ದಾಣ ಬರುತ್ತದೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಆವತ್ತಿನಿಂದ ನಮ್ಮೂರಲ್ಲಿ ಜಮೀನಿನ ರೇಟಿನದೇ ಮಾತು. ಸದ್ದಿನ ಮಾತು ಯಾರೂ ಎತ್ತಿಲ್ಲ. ಮುಖ್ಯಮಂತ್ರಿಗಳು ಹೇಳಿದ ಹಾಗೆ ವರ್ಷಕ್ಕೆ 3 ಕೋಟಿ ಪ್ರಯಾಣಿಕರೆಂದರೆ ಹಗಲೂ ರಾತ್ರಿಯೂ ವಿಮಾನ, ಅಲ್ವಾ?

ಸದ್ದು ತಗ್ಗಿಸುವ ಒಂದು ಉಪಾಯ ಹೇಳುತ್ತೇನೆ, ಶುರು ಒಂದು ತಂತಿಯಿಂದ. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದಾಗ ಡಾಕ್ಟರು ಉಳಿದ ಒಂದು ತುಂಡು ತಂತಿ ಕೊಟ್ಟಿದ್ದರು. ಮನೆಗೆ ಬಂದು ತಣ್ಣೀರಲ್ಲಿ ಅದ್ದಿ ಬಗ್ಗಿಸಿದೆ. ಬಗ್ಗಿದ ಹಾಗೇ ಉಳಿಯಿತು. ಬಿಸಿನೀರಿಗೆ ಹಾಕಿದೆ ನೋಡಿ, ಸರಕ್ಕನೆ ಮೊದಲಿನ ಕಮಾನಿಗೆ ಮರಳಿತು! ಇಷ್ಟು ವರ್ಷ ಕಬ್ಬಿಣ ಕೆತ್ತಿದ ನನ್ನ ಕೈಗೂ ಅದು ಹೊಸದು. ಅದರ ಹೆಸರು ನಿಟಿನಾಲ್. ನಿಕಲ್ ಮತ್ತು ಟೈಟಾನಿಯಂ ಬೆರೆತ ಲೋಹ. ಶಾಖ ಬದಲಾದರೆ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ, ಹಳೆಯ ಆಕಾರ ನೆನಪಾಗುತ್ತದೆ.

ಸದ್ದು ತಗ್ಗಿಸಲು ಇದೇ ಲೋಹವನ್ನು ಜೆಟ್ ಎಂಜಿನ್‌ಗೂ ಹಾಕಿ ನೋಡಿದ್ದಾರೆ. ಟೇಕಾಫ್‌ನಲ್ಲಿ ಎಂಜಿನ್ನಿನ ಹಿಂದಿನಿಂದ ಗಾಳಿ ರಭಸವಾಗಿ ನುಗ್ಗಿ ಹೊರಗಿನ ನಿಧಾನದ ಗಾಳಿಗೆ ಉಜ್ಜುತ್ತದೆ. ಆ ಉಜ್ಜಾಟವೇ ಗುಡುಗು. ನುಗ್ಗುವ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ ಸುಮಾರು 250 ಪಟ್ಟು ಏರುತ್ತದೆ. ಗಾಳಿ ಹೊರಬೀಳುವ ಹಿಂಬಾಯಿಯ, ಅಂದರೆ ನಾಜಲ್‌ನ, ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿದರೆ ಎರಡೂ ಗಾಳಿ ಬೇಗ ಬೆರೆತು ಸದ್ದು ತಗ್ಗುತ್ತದೆ. ಬೋಯಿಂಗ್ 787ರಲ್ಲಿ ಈ ಹಲ್ಲುಗಳನ್ನು ನೀವೇ ನೋಡಿರಬಹುದು. ಆದರೆ ಅವು ಅಲುಗಾಡುವುದಿಲ್ಲ. 35,000 ಅಡಿ ಮೇಲೆ, ಕೇಳುವವರೇ ಇಲ್ಲದ ಕಡೆಯೂ ಗಾಳಿಗೆ ಅಡ್ಡ ನಿಂತು ಸುಮ್ನೆ ಇಂಧನ ತಿನ್ನುತ್ತವೆ.

2005ರಲ್ಲಿ ಬೋಯಿಂಗ್‌ನವರು ಒಂದು 777 ವಿಮಾನದ ಹಲ್ಲುಗಳಿಗೆ ನಿಟಿನಾಲ್ ಪಟ್ಟಿ ಜೋಡಿಸಿ ಹಾರಿಸಿದರು. ನೆಲದ ಹತ್ತಿರದ ಬೆಚ್ಚಗಿನ ಗಾಳಿಯಲ್ಲಿ ಪಟ್ಟಿ ಬಾಗಿ ಹಲ್ಲನ್ನು ನುಗ್ಗುವ ಗಾಳಿಯೊಳಕ್ಕೆ ತಳ್ಳುತ್ತದೆ. ಮೇಲೇರಿ ಚಳಿ ಹಿಡಿದಾಗ ಪಟ್ಟಿ ಸಡಿಲವಾಗಿ ಹಲ್ಲು ತಾನೇ ನೆಟ್ಟಗಾಗುತ್ತದೆ. ಮೋಟಾರ್ ಬೇಡ, ಹೈಡ್ರಾಲಿಕ್ ಪೈಪ್ ಬೇಡ. ಇಳಿಯುವ ವಿಮಾನದ ಸದ್ದಿಗೆ ಇದರಿಂದ ಜಾಸ್ತಿ ಪ್ರಯೋಜನವಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಏರುವ ವಿಮಾನದ ಕೆಳಗೆ ಮಲಗುವವರಿಗೆ ಇದು ಸಣ್ಣ ವಿಷಯವಲ್ಲ.

ಇಪ್ಪತ್ತು ವರ್ಷವಾದರೂ ಇದು ನಾವು ಹತ್ತುವ ವಿಮಾನಗಳಿಗೆ ಬರಲಿಲ್ಲ. ಯಾಕೆ? ನನಗೆ ಕಾಣುವುದು ಇಷ್ಟೇ: ಇಂಧನದ ಬಿಲ್ ವಿಮಾನ ಕಂಪನಿ ಕಟ್ಟುತ್ತದೆ, ಸದ್ದಿನ ಬಿಲ್ ಕೆಳಗಿನವರು ಕಟ್ಟುತ್ತಾರೆ. ಲಂಡನ್‌ನ ಹೀಥ್ರೂ ಮತ್ತು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸದ್ದು ಜಾಸ್ತಿ ಮಾಡುವ ವಿಮಾನಕ್ಕೆ ಶುಲ್ಕವೂ ಜಾಸ್ತಿ. ಹೊಸೂರಿನಲ್ಲೂ ಮೊದಲ ದಿನದಿಂದಲೇ ಹಾಗೆ ಮಾಡಿಸಿ. ಇದನ್ನು ಲೋಕಸಭೆಯಲ್ಲಿ ಕೇಳಿ. ಬೆಂಗಳೂರು ನಿಲ್ದಾಣದ ಒಪ್ಪಂದದಿಂದಾಗಿ 2033ರವರೆಗೆ 150 ಕಿಲೋಮೀಟರ್ ಒಳಗೆ ಹೊಸ ನಿಲ್ದಾಣಕ್ಕೆ ತಡೆ ಇದೆಯಲ್ಲ, ಆ ಸಮಯವನ್ನು ಇದಕ್ಕೆ ಬಳಸಬಹುದು. ನಿಲ್ದಾಣ ಕಟ್ಟಿದ ಮೇಲೆ ನಿಯಮ ತರುವುದು ಕಷ್ಟ.

ಒಂದು ಸಂಜೆ ನಮ್ಮೂರಿಗೆ ಬನ್ನಿ. ಆ ತಂತಿ ಇನ್ನೂ ನನ್ನ ಹತ್ತಿರ ಇದೆ. ಒಂದು ಲೋಟ ಬಿಸಿನೀರಲ್ಲಿ ಹಾಕಿ ತೋರಿಸುತ್ತೇನೆ.

ಇಂತಿ,
ತಳಿಯ ಒಬ್ಬ ಕನ್ನಡ ಮತದಾರ