ಮೂರನೇ ರಾಡು ಬಿಚ್ಚಿಸಿದ ಮೇಸ್ತ್ರಿಗೆ

ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಪೂರಾ ಬಿಚ್ಚಿ ಮತ್ತೆ ಕಟ್ಟಿದ ಮೇಲೆ ಅಪ್ಪನ ಹಳೇ ಗಾಡಿ 1000 ಕಿಲೋಮೀಟರ್ ಮುಗಿಸಿತು. ಭಾನುವಾರ ದೇವರಾಯನದುರ್ಗದ ಏರನ್ನು ಸೆಕೆಂಡ್ ಗೇರಿನಲ್ಲೇ ಹತ್ತಿತು. ಗೇರು ಹಾರಲಿಲ್ಲ, ಆಯಿಲ್ ಪ್ರೆಶರಿನ ಮುಳ್ಳು 50ರ ಆಸುಪಾಸಿನಲ್ಲೇ ಇತ್ತು, ಮೇಲೆ ಹೋಗಿ ನಿಲ್ಲಿಸಿದಾಗ ರೇಡಿಯೇಟರ್ ಕುದಿದಿರಲಿಲ್ಲ. ಅಪ್ಪನ ಅಂಬಾಸಿಡರ್ ಮಾರ್ಕ್ ಟೂ ಯಾಕೆ ಅಷ್ಟು ವರ್ಷ ಶೆಡ್ಡಿನಲ್ಲಿ ನಿಂತಿತ್ತು, ಈಗಲೇ ಯಾಕೆ ಹೊರಗೆ ಬರಬೇಕಾಯಿತು ಅನ್ನುವುದು ಬೇರೆ ಕಥೆ. ಅದನ್ನು ಇಲ್ಲಿ ಕೆದಕುವುದಿಲ್ಲ. ಅಣ್ಣ ತಮ್ಮ ಇಬ್ಬರೂ ಕೂತು ಬರೆಯುತ್ತಿರುವ ಈ ಬರಹ ಋಣ ನೆನೆಯುವುದಕ್ಕೆ.

ಮೊದಲು ಎಲ್ಲರಿಗೂ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ತಿರುಗಿ 1489 ಸಿಸಿ ಇಂಜಿನ್ನಿನ ಗ್ಯಾಸ್ಕೆಟ್ ಸೆಟ್ಟು ತಂದುಕೊಟ್ಟ ಭಾವನಿಗೆ, ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೇ ರಬ್ಬರು ಊದಿಕೊಳ್ಳುತ್ತದೆ ಎಂದು ಎಚ್ಚರಿಸಿ ಹೊಸ ಹೋಸು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು ಕಳಿಸಿಕೊಟ್ಟ ಗೆಳೆಯನಿಗೆ, ಚೈನ್ ಪುಲಿ ಕೊಟ್ಟು ವಾಪಸ್ ಕೇಳದೇ ಇದ್ದ ಪಕ್ಕದ ಮನೆಯವರಿಗೆ, ಮೊಟ್ಟೆ ಟ್ರೇ ಕೊಟ್ಟ ಅಂಗಡಿಯ ಅಕ್ಕನಿಗೆ. ಆ ಟ್ರೇಯ ಉಪಕಾರ ಸಣ್ಣದಲ್ಲ. ಹಳೇ ಕ್ಯಾಮ್ ಶಾಫ್ಟನ್ನೇ ಮತ್ತೆ ಹಾಕುವುದಾದರೆ ಅದರ ಮೇಲೆ ಕೂತು ವಾಲ್ವುಗಳನ್ನು ಎತ್ತುವ 8 ಟ್ಯಾಪೆಟ್‌ಗಳೂ ತಂತಮ್ಮ ಗೂಡಿಗೇ ಹೋಗಬೇಕು. ಒಂದಕ್ಕೊಂದು ಸವೆದು ಹೊಂದಿಕೊಂಡ ಜೋಡಿಗಳು ಅವು. ಅದಲುಬದಲಾದರೆ ಕ್ಯಾಮಿನ ಮೂತಿ ಕೆಲವೇ ದಿನದಲ್ಲಿ ತಿಂದುಹೋಗುತ್ತದೆ. ಟ್ರೇಯ ಗುಂಡಿಗಳಿಗೆ ನಂಬರ್ ಬರೆದು ಇಟ್ಟಿದ್ದರಿಂದ ಆ ಗೊಂದಲವೇ ಆಗಲಿಲ್ಲ.

ಲೇತ್ ಅಂಗಡಿಯ ಯಜಮಾನರಿಗೆ ಬೇರೆಯೇ ಒಂದು ಮಾತು. ಇಂಜಿನ್ನಿನ ಬ್ಲಾಕು ಹೊತ್ತುಕೊಂಡು ಹೋದ ದಿನ "ಪಿಸ್ಟನ್ ಎಲ್ಲಿ?" ಎಂದು ಕೇಳಿ, ಇಲ್ಲ ಎಂದಾಗ ವಾಪಸ್ ಕಳಿಸಿದರು. ಬೇಸರವಾಗಿತ್ತು. ಆದರೆ ಸರಿಯಾದ ಕ್ರಮ ಅದೇ. 30 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಬೇಕು, ನಾಲ್ಕನ್ನೂ ಮೈಕ್ರೋಮೀಟರಿನಲ್ಲಿ ಅಳೆಯಬೇಕು, ಆಮೇಲೆ ಒಂದೊಂದು ಬೋರನ್ನೂ, ಅಂದರೆ ಸಿಲಿಂಡರಿನ ತೂತನ್ನೂ, ಅದರದರ ಪಿಸ್ಟನ್ನಿಗೆ ಹೊಂದುವಂತೆ ಹೊಡೆಯಬೇಕು. ಪಿಸ್ಟನ್ ರಿಂಗನ್ನು ಬೋರಿನೊಳಗೆ ನೇರ ಕೂರಿಸಿ ತುದಿಯ ಸಂದು ನೋಡಿ, 9ರಿಂದ 12 ಥೌ ಇರಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. 2 ಸಿಲಿಂಡರುಗಳಲ್ಲಿ ಸಂದು ಕಡಿಮೆ ಇತ್ತು. ಹಾಗೇ ಹಾಕಿದ್ದರೆ ಕಾವಿಗೆ ರಿಂಗು ಹಿಗ್ಗಿ, ತುದಿಗೆ ತುದಿ ತಾಗಿ, ಬೋರಿಗೆ ಗೀರು ಬೀಳುತ್ತಿತ್ತು. ಹೆಡ್ಡಿನ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟು ಕೂರಿಸಿದ್ದೂ ಅವರೇ. 2000ದಿಂದ ಈಚೆಗೆ ಬಂಕಿನಲ್ಲಿ ಸೀಸ ಇರುವ ಪೆಟ್ರೋಲ್ ಇಲ್ಲ, ಸೀಸದ ಕಾಪಿಲ್ಲದೆ ಹಳೇ ಕಬ್ಬಿಣದ ಸೀಟನ್ನು ವಾಲ್ವು ಬಡಿದು ಬಡಿದು ಒಳಗಿಳಿಯುತ್ತದೆ.

ಇನ್ನು ಮೇಸ್ತ್ರಿ.

ಕೆಲಸ ಬಿಟ್ಟು ವರ್ಷಗಳಾದ, ಎರಡೂ ಕಣ್ಣಿಗೆ ಪೊರೆ ಬಂದಿರುವ ಹಿರಿಯರು. ಇಂಜಿನ್ ಪೂರಾ ಕಟ್ಟಿ ಮುಗಿದ ಸಂಜೆ, ಒಂದು ಸಲ ಬಂದು ನೋಡಿ ಹೋಗಿ ಎಂದು ಕರೆದಿದ್ದಷ್ಟೇ. ಹೆಡ್ ಕೂತಿತ್ತು, ಕೆಳಗೆ ಆಯಿಲ್ ಚೇಂಬರ್ ಮುಚ್ಚಿತ್ತು. ಪ್ಲಗ್ ಹಾಕಿರಲಿಲ್ಲ. ಅವರು ಏನನ್ನೂ ನೋಡಲಿಲ್ಲ, ಇಂಜಿನ್ ತಿರುಗಿಸುವ ಹ್ಯಾಂಡಲ್ ಕೊಡಿ ಎಂದರು. ನಿಧಾನವಾಗಿ ಒಂದು ಸುತ್ತು, ಎರಡು ಸುತ್ತು ತಿರುಗಿಸಿದರು. ಮೂರನೆಯದರಲ್ಲಿ ನಿಲ್ಲಿಸಿ, "ಇಲ್ಲಿ ಹಿಡೀತಾ ಇದೆ" ಅಂದರು.

ಹೊಸ ಬೋರು, ಹೊಸ ರಿಂಗು, ಬಿಗಿ ಇದ್ದೇ ಇರುತ್ತದೆ, ಓಡಿದ ಮೇಲೆ ಸಡಿಲವಾಗುತ್ತದೆ ಎಂದು ನಾವು ವಾದಿಸಿದೆವು. ಅವರ ಉತ್ತರ ಇಷ್ಟೇ: "ರಿಂಗಿನ ಬಿಗಿ ಸುತ್ತಿಡೀ ಇರುತ್ತೆ ಕಣಪ್ಪ. ಒಂದೇ ಕಡೆ ಹಿಡಿದ್ರೆ ಒಳಗೆ ಏನೋ ಸೊಟ್ಟ ಇದೆ."

ಚೇಂಬರ್ ಬಿಚ್ಚಿದ್ದಾಯಿತು. ಪಿಸ್ಟನ್ನಿನ ರಾಡನ್ನು ಕ್ರ್ಯಾಂಕ್ ಶಾಫ್ಟಿಗೆ ಹಿಡಿದಿಡುವ ಬಿಗ್ ಎಂಡ್ ಕ್ಯಾಪುಗಳನ್ನು ಒಂದೊಂದಾಗಿ ಸಡಿಲಿಸುವುದು, ಪ್ರತಿ ಸಲವೂ ಹ್ಯಾಂಡಲ್ ತಿರುಗಿಸಿ ನೋಡುವುದು. ಒಂದು, ಎರಡು ಸಡಿಲಿಸಿದರೂ ಹಾಗೇ ಇತ್ತು. ಮೂರನೆಯದು ಸಡಿಲಿಸಿದಾಗ ಕ್ರ್ಯಾಂಕು ಹಗುರಾಯಿತು. ಹೆಡ್ ಎತ್ತಿ, ಮೂರನೇ ಪಿಸ್ಟನ್ನನ್ನು ಮೇಲಕ್ಕೆ ತಂದು, ಕ್ರ್ಯಾಂಕಿನ ಉದ್ದದ ದಿಕ್ಕಿನಲ್ಲಿ ಮುಂದೆ ಹಿಂದೆ ಸಂದು ಅಳೆಯುವ ಫೀಲರ್ ಹಾಕಿದೆವು. ಎರಡೂ ಕಡೆ ಸಂದು ಸಮ ಇರಬೇಕು. ಹಿಂಬದಿಯಲ್ಲಿ ಫೀಲರಿನ ತೆಳುವಾದ ಎಲೆಯೂ ಹೋಗಲಿಲ್ಲ. ರಾಡು ಬಾಗಿತ್ತು.

ಕಾರಣ ನಮ್ಮದೇ ಕೈಕೆಲಸ. ಈ ಹಳೇ 3 ಬೇರಿಂಗಿನ ಇಂಜಿನ್ನಿನಲ್ಲಿ ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ ರಾಡಿನ ಸಣ್ಣ ತುದಿಯಲ್ಲಿ ತಿರುಗುವುದಿಲ್ಲ. ಒಂದು ಬೋಲ್ಟು ಅದನ್ನು ಕಚ್ಚಿ ಹಿಡಿದಿರುತ್ತದೆ. ಆ ಬೋಲ್ಟಿಗೆ 25 ಪೌಂಡ್ ಅಡಿ ಬಿಗಿ ಕೊಡುವಾಗ ವೈಸಿನಲ್ಲಿ ರಾಡನ್ನು ಹಿಡಿಸಬಾರದು. ಪಿನ್ನಿನ ಎರಡೂ ತುದಿಗೆ ಗೂಟ ಕೊಟ್ಟು, ಆ ಗೂಟಗಳನ್ನು ವೈಸಿಗೆ ಕಚ್ಚಿಸಿ ಬಿಗಿ ಮಾಡಬೇಕು. ರಾಡನ್ನೇ ಹಿಡಿಸಿದರೆ ಪಾನಾದ ಜೋರೆಲ್ಲ ಅದರ ಮೈಗೆ ಬೀಳುತ್ತದೆ. ಪಿನ್ನಿನ ನಡುವಿನ ಕಚ್ಚು ಬೋಲ್ಟಿನ ತೂತಿಗೆ ನೇರ ಬಂದಿದೆಯೇ ಎಂದೂ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬೋಲ್ಟಿನ ಮರೆ (ತಿರುಪಿನ ಗೆರೆ) ಹರಿಯುತ್ತದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ರಾತ್ರಿ 11 ದಾಟಿತ್ತು, ಕರೆಂಟು ಹೋಗಿತ್ತು. ಅವರು, "ಒಂದು ತಪ್ಪು ಸಿಕ್ಕಿದ ಮೇಲೆ ಮಿಕ್ಕಿದ್ದನ್ನ ನಂಬೋ ಹಾಗಿಲ್ಲ, ನಡುವಿನ ಮೇನ್ ಬೇರಿಂಗಿನ ಕ್ಯಾಪೂ ತೆಗೀರಿ" ಅಂದರು. ಆಗಲೇ ನಮ್ಮಲ್ಲೊಬ್ಬನ ಬಾಯಿಂದ ಆ ಮಾತು ಬಂದಿದ್ದು. ಕಣ್ಣೇ ಕಾಣದವರ ಮಾತು ಕೇಳಿ ಇಡೀ ಇಂಜಿನ್ ಬಿಚ್ಚಬೇಕಾ, ಇದನ್ನ ಗುಜರಿಗೆ ಹಾಕಿಬಿಡೋಣ ಎಂದು. ಮೇಸ್ತ್ರಿ, ಅದನ್ನು ನೀವು ಕೇಳಿಸಿಕೊಂಡಿರಿ. ಎದ್ದು ಹೋಗಲಿಲ್ಲ. ತಟ್ಟೆಯಲ್ಲಿದ್ದ ಕ್ಯಾಪಿನ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ಒಂದೊಂದಾಗಿ ತೊಳೆಯುತ್ತಾ ಕೂತಿರಿ. ಆ ಮಾತು ಯಾರಾಡಿದ್ದು ಎಂದು ನಿಮಗೆ ಗೊತ್ತು, ಆಡಿದವನಿಗೂ ಗೊತ್ತು. ಇಷ್ಟು ದಿನ ಎದುರು ನಿಂತು ಹೇಳಲಾಗದ್ದನ್ನು ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇವೆ: ತಪ್ಪಾಯಿತು, ಕ್ಷಮಿಸಿ.

ನಡುವಿನ ಕ್ಯಾಪು ಹೊರಬಂದಾಗ ಟಾರ್ಚ್ ಹಿಡಿದು ನೋಡುತ್ತಿದ್ದ ನಾಲ್ಕು ಕಣ್ಣಿಗೆ ಕಾಣದ್ದು ಅವರ ಉಗುರಿಗೆ ಸಿಕ್ಕಿತು. ಕ್ರ್ಯಾಂಕು ಹಿಂದೆ ಮುಂದೆ ಸರಿಯದಂತೆ ತಡೆಯುವ ಅರ್ಧಚಂದ್ರದ ಥ್ರಸ್ಟ್ ವಾಷರಿನ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದರು. ಎಣ್ಣೆಯ ಕಾಲುವೆ ತಗುಲಲಿಲ್ಲ. ಇನ್ನೊಂದು ಸಲ ಎಳೆದು, "ಇದು ತಿರುಗಾಮುರುಗಾ ಕೂತಿದೆ" ಅಂದರು. ಎಣ್ಣೆ ಹರಿಯುವ ಕಾಲುವೆಗಳಿರುವ ಮೆತ್ತನೆ ಮುಖ ಕ್ರ್ಯಾಂಕಿನ ಕಡೆಗಿರಬೇಕು. ನಮ್ಮದರಲ್ಲಿ ಒಂದು ವಾಷರಿನ ಉಕ್ಕಿನ ಬೆನ್ನು ಕ್ರ್ಯಾಂಕಿಗೆ ಮುಖ ಮಾಡಿತ್ತು. ಡಯಲ್ ಗೇಜ್ ಇಟ್ಟು ಕ್ರ್ಯಾಂಕಿನ ಹಿಂದೆ ಮುಂದೆ ಆಟ ಅಳೆದಿದ್ದೆವು, 3 ಥೌ ಬಂದಿತ್ತು, ಅದು ಸರಿಯಾದ ಅಳತೆಯೇ. ಹಿಂದುಮುಂದಾಗಿ ಹಾಕಿದರೂ ವಾಷರಿನ ದಪ್ಪ ಬದಲಾಗುವುದಿಲ್ಲವಲ್ಲ, ಹಾಗಾಗಿ ಗೇಜು ಈ ತಪ್ಪನ್ನು ಹಿಡಿಯುವುದೇ ಇಲ್ಲ. ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕು ಮುಂದಕ್ಕೆ ಒತ್ತಿಕೊಂಡು ಆ ವಾಷರಿಗೆ ಉಜ್ಜುತ್ತದೆ. 20 ಥೌ ಗ್ರೈಂಡ್ ಮಾಡಿಸಿ ತಂದಿದ್ದ ಕ್ರ್ಯಾಂಕು ಊರೊಳಗಿನ ಓಡಾಟದಲ್ಲೇ ಹಾಳಾಗುತ್ತಿತ್ತು. ರಾಡು ಸೊಟ್ಟಗಾಗದೇ ಇದ್ದಿದ್ದರೆ ಯಾರೂ ಆ ಕ್ಯಾಪು ತೆಗೆಯುತ್ತಿರಲಿಲ್ಲ.

ಬೆಳಗಿನ ಜಾವದವರೆಗೆ ಕೂತು ಮಿಕ್ಕ ಮೂರು ರಾಡುಗಳನ್ನೂ ಹೊರಗೆ ತೆಗೆಸಿ ನೋಡಿದರು. ಸೀಮೆಎಣ್ಣೆಯಲ್ಲಿ ಅದ್ದಿ, ಒಣಗಿಸಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುವುದು. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಬರುತ್ತದೆ. ಯಾವುದರಲ್ಲೂ ಗೆರೆ ಬರಲಿಲ್ಲ. ಬಾಗಿದ್ದನ್ನು ನೇರ ಮಾಡಿಸಲು ಅವರು ಒಪ್ಪಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಸಿಕ್ಕಿತು. ಹಳೆಯದರ ತೂಕಕ್ಕೆ ಹೊಂದುವುದನ್ನೇ ಆರಿಸಿ ತಂದು, ಹೊಸ ಲಾಕ್ ಪ್ಲೇಟ್ ಹಾಕಿ, ಬಿಗ್ ಎಂಡಿಗೆ 35, ಮೇನ್ ಬೇರಿಂಗಿಗೆ 70 ಪೌಂಡ್ ಅಡಿ ಬಿಗಿ ಕೊಟ್ಟೆವು. ಹೆಡ್ ಗ್ಯಾಸ್ಕೆಟ್ ಮಾತ್ರ ಇನ್ನೊಂದು ಬೇಕಾಯಿತು, ಒಮ್ಮೆ ಒತ್ತಿದ ಗ್ಯಾಸ್ಕೆಟ್ಟನ್ನು ಎರಡನೇ ಸಲ ಹಾಕುವ ಹಾಗಿಲ್ಲ. ಭಾವ ಮತ್ತೆ ಜೆ.ಸಿ. ರಸ್ತೆಗೆ ಹೋದ.

ಗೇರ್‌ಬಾಕ್ಸಿನ ಕೆಲಸದಲ್ಲೂ ಮೇಸ್ತ್ರಿಯದೇ ಬುದ್ಧಿ, ಲೇತಿನವರದು ಕೈ. ಹಲವು ಗೇರುಗಳು ಒಂದೇ ತುಂಡಾಗಿರುವ ಲೇ ಗೇರಿನೊಳಗಿನ ಸೂಜಿ ರೋಲರುಗಳನ್ನು ಬಿಚ್ಚುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಿ ಎಂದಿದ್ದರು. ಕಟ್ಟುವಾಗ ಅವನ್ನು ಗ್ರೀಸಿನಲ್ಲಿ ಅಂಟಿಸಿ, ಲೇ ಗೇರಿನಷ್ಟೇ ಉದ್ದದ, ನಿಜವಾದ ಶಾಫ್ಟಿಗಿಂತ ಕೂದಲೆಳೆ ಸಣ್ಣದಾದ ಡಮ್ಮಿ ಶಾಫ್ಟ್ ತೂರಿಸಿ, ಲೇ ಗೇರನ್ನು ಪೆಟ್ಟಿಗೆಯ ತಳದಲ್ಲಿ ಮಲಗಿಸಬೇಕು. ಮೇನ್ ಶಾಫ್ಟು ಕೂತ ಮೇಲೆ ಅದನ್ನು ಮೇಲೆತ್ತಿ, ನಿಜವಾದ ಶಾಫ್ಟಿನಿಂದ ಡಮ್ಮಿಯನ್ನು ಹೊರಗೆ ತಳ್ಳಬೇಕು. ಈ ಡಮ್ಮಿ ಇಲ್ಲದೆ ರೋಲರುಗಳು ಒಂದೊಂದೇ ಬೀಳುತ್ತವೆ, ಬಿದ್ದದ್ದು ಗೊತ್ತೂ ಆಗುವುದಿಲ್ಲ. ಗೇರು ಸದ್ದಿಲ್ಲದೆ ಬೀಳುವಂತೆ ಮಾಡುವ ಸಿಂಕ್ರೋ ಹಬ್ಬಿನ ಗುಂಡು ಮತ್ತು ಸ್ಪ್ರಿಂಗು ಹಾರಿಹೋಗದಂತೆ ಪ್ಲಾಸ್ಟಿಕ್ ಚೀಲದೊಳಗೇ ಬಿಚ್ಚಬೇಕು. ಸಿಂಕ್ರೋದ ಹಿತ್ತಾಳೆ ರಿಂಗನ್ನು ಗೇರಿನ ಕೋನಿನ ಮೇಲೆ ಒತ್ತಿ ಹಿಡಿದಾಗ ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಕಾಣುವಷ್ಟು ಸಂದು ಉಳಿಯಬೇಕು. ಸೆಕೆಂಡ್ ಗೇರಿನ ರಿಂಗು ಹಲ್ಲಿಗೆ ತಾಗಿಯೇ ಕೂರುತ್ತಿತ್ತು, ಮೊದಲು ಬರುತ್ತಿದ್ದ ಕರಕರ ಸದ್ದು ಅದರದ್ದು. ಗೇರು ಹಾರುತ್ತಿದ್ದದ್ದು ಮೂತಿ ಸವೆದ ಹಲ್ಲಿನಿಂದ ಮತ್ತು ಸೋತ ಸ್ಪ್ರಿಂಗಿನಿಂದ. ಗೇರ್ ಆಯಿಲ್ ಜಿಎಲ್-4 ದರ್ಜೆಯದು ಹಾಕಿದ್ದೇವೆ. ಜಿಎಲ್-5ರಲ್ಲಿರುವ ಗಂಧಕ ಹಿತ್ತಾಳೆಯನ್ನು ತಿನ್ನಬಹುದು.

ಗೇರ್‌ಬಾಕ್ಸನ್ನು ಇಂಜಿನ್ನಿಗೆ ಕೂರಿಸುವಾಗ ಅದರ ಭಾರ ಒಂದು ಕ್ಷಣವೂ ಕ್ಲಚ್ ಪ್ಲೇಟಿನ ಮೇಲೆ ಬೀಳದಂತೆ ಹೆಗಲು ಕೊಟ್ಟ ಓಣಿಯ ಹುಡುಗರೇ, ನಿಮ್ಮನ್ನೂ ಮರೆತಿಲ್ಲ.

ಮೊದಲ ಸ್ಟಾರ್ಟಿನ ದಿನ ಮೇಸ್ತ್ರಿ ಪ್ಲಗ್ ಹಾಕಲು ಬಿಡಲಿಲ್ಲ. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆಸಿ, ಪ್ರೆಶರ್ ಮುಳ್ಳು ಎದ್ದ ಮೇಲೇ ಹಾಕಿಸಿದರು. ಹಿಡಿದ ತಕ್ಷಣ ಸ್ಲೋನಲ್ಲಿ ಬಿಡದೆ 20 ನಿಮಿಷ, ನಿಮಿಷಕ್ಕೆ 1500 ಸುತ್ತಿನ ಮೇಲೆ ಓಡಿಸಿದೆವು. ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು 40 ಪೌಂಡ್ ಅಡಿಗೆ ಮತ್ತೊಮ್ಮೆ ನೋಡಿದೆವು, 500 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದೆವು. ಹಿಂದುಗಡೆ ಒಂದೆರಡು ಹನಿ ಈಗಲೂ ಬೀಳುತ್ತದೆ. ಈ ಇಂಜಿನ್ನಿನ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ, ಕ್ರ್ಯಾಂಕಿನ ಮೇಲಿನ ತಿರುಪಿನ ಮರೆಯೇ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಬ್ರೀದರ್ ಪೈಪು ತೊಳೆದಾಗಿದೆ, ಹನಿ ಹೆಚ್ಚಿಲ್ಲ.

ಮೇಸ್ತ್ರಿ, ಮುಂದಿನ ಭಾನುವಾರ ಟ್ಯಾಪೆಟ್ ಮತ್ತೊಮ್ಮೆ ನೋಡಬೇಕು. ಎರಡು ನಂಬರ್ ಕೂಡಿದರೆ ಒಂಬತ್ತಾಗಬೇಕೆಂಬ ಲೆಕ್ಕ ಈಗ ಬಾಯಿಪಾಠವಾಗಿದೆ: 8ನೇ ವಾಲ್ವು ಪೂರ್ತಿ ತೆರೆದಾಗ ನೋಡಬೇಕಾದ್ದು 1ನೆಯದು, 6ನೆಯದು ತೆರೆದಾಗ 3ನೆಯದು, ಸಂದು 15 ಥೌ. ಹ್ಯಾಂಡಲ್ ನಾವು ತಿರುಗಿಸುತ್ತೇವೆ, ಫೀಲರ್ ನಿಮ್ಮ ಕೈಯಲ್ಲಿರಲಿ. ಬೆಳಿಗ್ಗೆ 8ಕ್ಕೆ ಇದೇ ಗಾಡಿ ತಂದು ನಿಮ್ಮ ಮನೆ ಮುಂದೆ ನಿಲ್ಲಿಸುತ್ತೇವೆ.