ನಿನ್ನ ಆ ಒಂದು ಸಾಲು

ಪ್ರೀತಿಯ ಪುಟ್ಟಿ,

ನಿನ್ನ ಪತ್ರದಲ್ಲಿ ಉಳಿದದ್ದೆಲ್ಲ ಸರಿ, ಆ ಒಂದು ಸಾಲಿಂದ ಮಾತ್ರ ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ. 'ದೊಡ್ಡಮ್ಮ, ನಂಗೆ ಇನ್ನು ಕಥೆಯ ಒಳಗೆ ಹೋಗ್ಲಿಕ್ಕೇ ಬರುದಿಲ್ಲ ಅಂತ ಕಾಣ್ತದೆ.' 13 ವರ್ಷಕ್ಕೆ ಹಾಗೆ ಯಾಕೆ ಬರೆದೆ ಮಗಾ?

ನಿಂಗೆ ಒಳಗೆ ಹೋಗ್ಲಿಕ್ಕೆ ಆಗದ ಆ ಕಥೆಪುಸ್ತಕ ನಾನೂ ತರ್ಸಿ ಓದಿದೆ. ಮ್ಯೂಸಿಯಮ್ಮಿನ ಪೇಂಟಿಂಗಿಗೆ ಹುಡುಗಿ ಕೈ ಇಡ್ತಾಳೆ, ಎರಡನೇ ಪುಟದಲ್ಲೇ ಒಳಗೆ. ಒಳಗೆ ಎಂತ ಉಂಟು? ಬಣ್ಣದ ವಾಸನೆ ಇಲ್ಲ, ಚಿತ್ರ ಬರೆದವನ ಕೈಯ ಗುರ್ತ ಇಲ್ಲ, ಹೊರಗಿನ ಹಾಗೇ ಒಂದು ಊರು, ಅಲ್ಲಿ ಒಬ್ಬ ಮುದುಕ ನಿಂತು ಮಾಯೆಯ ರೂಲ್ಸ್ ಹೇಳ್ತಾ ಹೋಗ್ತಾನೆ, ಕಷ್ಟ ಬಂದಾಗೆಲ್ಲ ಹೊಸ ರೂಲ್ ಒಂದು ಹುಟ್ತದೆ. ಚೌಕಟ್ಟಿನ ಅಂಚಿಗೆ ಹೋದ್ರೆ ಏನಾಗ್ತದೆ ಅಂತ ನಾನು ಕಾದದ್ದೇ ಬಂತು. ಹುಡುಗಿ ಹೋದ್ಲು, ಓದುವವರಿಗೆ ಬಾಗಿಲು ಇಡ್ಲೇ ಇಲ್ಲ. ಅದು ನಿನ್ನ ತಪ್ಪಾ?

ಆರನೇ ಕ್ಲಾಸಲ್ಲಿರುವಾಗ ಅಪ್ಪ ನನ್ನನ್ನು ಮಂಗಳೂರಿನ ಅಲೋಶಿಯಸ್ ಚಾಪೆಲಿಗೆ ಕರ್ಕೊಂಡು ಹೋಗಿದ್ರು. ಮಾಡಿನ ಚಿತ್ರ ನೋಡಿ ನೋಡಿ ಕುತ್ತಿಗೆ ನೋವು. ಕೆತ್ತಿದ ಹಾಗೆ ಕಾಣುದು ಬರೇ ಬಣ್ಣ ಅಂತ ಹೇಳಿದ್ರೂ ನಂಬ್ಲಿಲ್ಲ. ಇಟಲಿಯ ಆಂಟೋನಿಯೊ ಮೊಸ್ಕೇನಿ ಇಲ್ಲಿಗೆ ಬಂದು 1899ರ ಸುಮಾರಿಗೆ ಬರೆದದ್ದು, ಗೋಡೆಯ ಮೇಲಿನದ್ದು ಫ್ರೆಸ್ಕೊ, ಅಂದ್ರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಾಕ್ಬೇಕು, ಒಣಗಿದ್ರೆ ಗೋಡೆ ಬಣ್ಣ ಕುಡಿಯುದಿಲ್ಲ, ಹಾಗಾಗಿ ಆ ದಿನ ಮುಗಿಸ್ಲಿಕ್ಕಾಗುವಷ್ಟೇ ಗಾರೆ ಮೆತ್ತುದಂತೆ. ಇದೆಲ್ಲ ನಂಗೆ ಆಮೇಲೆ ಗೊತ್ತಾದದ್ದು. ಆ ದಿನ ಮಾತ್ರ ಅಪ್ಪ ಮೂರು ಸಲ ಕರೆದದ್ದು ಕೇಳ್ಲಿಲ್ಲ, ಅಷ್ಟು ಒಳಗಿದ್ದೆ.

ಅಂಥ ನಾನೇ ನಿನ್ನ ಅಣ್ಣ ಒಂದು ಪುಸ್ತಕ ಅರ್ಧಕ್ಕೆ ಬಿಟ್ಟಾಗ 'ನಿಂಗೆ ತಾಳ್ಮೆ ಇಲ್ಲ' ಅಂತ ಬೈದು ಕೂರ್ಸಿ ಓದ್ಸಿದೆ. ದುಡ್ಡು ಕೊಟ್ಟು ತಂದದ್ದು ಅಂತ ಹಟ. ಅವ ಮುಗ್ಸಿದ, ಮತ್ತೆ ಕಥೆಪುಸ್ತಕ ಮುಟ್ಲಿಲ್ಲ. ಆ ಪುಸ್ತಕ ಚಂದ ಇತ್ತಾ ಅಂತ ನಾನು ತೆರೆದು ಸಹ ನೋಡಿರ್ಲಿಲ್ಲ. ಅವನೂ ನಿನ್ನ ಹಾಗೇ ಹೆದರಿದ್ನೋ ಏನೋ, ನಾನು ಕೇಳ್ಲಿಲ್ಲ.

ಹಾಗಾಗಿ ನಾನು ಬುದ್ಧಿ ಹೇಳುದು ಎಷ್ಟು ಸರಿಯೋ, ಆದ್ರೂ ಬೇಡದಿದ್ರೆ ಪುಸ್ತಕ ಬಿಟ್ಟುಬಿಡು, ಮುಗಿಸ್ಲೇಬೇಕು ಅಂತ ಎಂತ ಇಲ್ಲ. ಬೇಸರ ಶುರುವಾದ ಜಾಗಕ್ಕೆ ಪೆನ್ಸಿಲ್ಲಲ್ಲಿ ಗೆರೆ ಹಾಕು. ಒಳಗೆ ಹೋಗ್ಲಿಕ್ಕೆ ಬಾರದವಳಿಗೆ ಹೊರಗೆ ಬಿದ್ದದ್ದು ಗೊತ್ತಾಗುದಾದ್ರೂ ಹೇಗೆ? ರಜೆಗೆ ಬಂದಾಗ ಚಾಪೆಲಿಗೆ ಹೋಗುವ, ನಿಂಗೆ ಮನಸ್ಸಿದ್ರೆ ಮಾತ್ರ.

ನನ್ನ ಗೆರೆ 38ನೇ ಪುಟದಲ್ಲುಂಟು, ಆ ಮುದುಕ ಎರಡನೇ ಸಲ ಬರುವಲ್ಲಿ. ನಿನ್ನದು ಎಲ್ಲಿ ಅಂತ ಬರಿ.

ನಿನ್ನ ದೊಡ್ಡಮ್ಮ