ರಿಪೋರ್ಟ್ ನಾರ್ಮಲ್ ಇರಬಹುದು, ನಿನ್ನ ನೋವು ನಿಜ

ಪ್ರೀತಿಯ ಮಗಳೇ,

"ಅಪ್ಪ, ನೀವಾದರೂ ನನ್ನ ಮಾತು ನಂಬ್ತೀರಾ?" ಅಂತ ನಿನ್ನೆ ಕೇಳಿದೆಯಲ್ಲ. ನಂಬುತ್ತೇನೆ ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಈ ಮಳೆಗೆ ಸಿಗ್ನಲ್ ನಿಲ್ಲುತ್ತಿಲ್ಲ. ಒಂದು ಮಾತಿನಲ್ಲಿ ಮುಗಿಸುವ ವಿಷಯವೂ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಬೇಡ. ತಲೆ ಭಾರವಾದರೆ ಮಡಚಿಟ್ಟು ನಾಳೆ ಓದು.

ಬೂಷ್ಟು ಹಿಡಿದ ಆ ಬಾಡಿಗೆ ಮನೆಗೆ ಹೋದಾಗಿನಿಂದ ನಿನಗೆ ಕಾಯಿಲೆ ಇದೆ. ಅದು ಮನಸ್ಸಿನ ಭ್ರಮೆಯಲ್ಲ, ಸೋಮಾರಿತನವಲ್ಲ, ಆಫೀಸಿನ ಕೆಲಸ ತಪ್ಪಿಸಿಕೊಳ್ಳುವ ನೆಪವೂ ಅಲ್ಲ. ರಕ್ತ ಪರೀಕ್ಷೆ, ಥೈರಾಯ್ಡ್, ಬಿ12, ವಿಟಮಿನ್ ಡಿ, ಎದೆಯ ಎಕ್ಸ್‌ರೇ ಎಲ್ಲ ಸರಿಯಿದೆ ಅಂದರೆ ಆ ಪರೀಕ್ಷೆಗಳು ಹುಡುಕಿದ ಕಾಯಿಲೆ ಅವಕ್ಕೆ ಸಿಗಲಿಲ್ಲ ಅಂತ ಅರ್ಥ. ಅದು ನಮಗೆ ಸಮಾಧಾನದ ವಿಷಯವೇ. ಆದರೆ ಒಂದು ದಿನ ಬಟ್ಟೆ ಒಗೆದರೆ ಮಾರನೇ ದಿನ ಹಾಸಿಗೆಯಿಂದ ಏಳಲಾಗದ ಸುಸ್ತನ್ನು ಅಳೆಯುವ ಪರೀಕ್ಷೆ ಆ ಪಟ್ಟಿಯಲ್ಲಿ ಎಲ್ಲಿತ್ತು? ಓದಿದ ಸಾಲು ಅರ್ಧಕ್ಕೇ ಮರೆತುಹೋಗುತ್ತದೆ ಅಂದೆಯಲ್ಲ, ಅದನ್ನು ಯಾವ ಎಕ್ಸ್‌ರೇ ತೋರಿಸುತ್ತದೆ?

ನಮ್ಮ ತೋಟದ ಮಾತೊಂದು ಹೇಳುತ್ತೇನೆ. ಈ ಆಷಾಢದ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬರುವುದು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಎಳೆಕಾಯಿ ಕೊಳೆತು ಮರದ ಬುಡದ ತುಂಬ ಉದುರುತ್ತದೆ. ಹಿಂದಿನವರಿಗೆ ಅದು ಯಾಕೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ ಅನ್ನುವವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪುಸ್ತಿಕೆ ತಂದರು. ಕಣ್ಣಿಗೆ ಕಾಣದ, ಬೂಷ್ಟಿನಂಥ ಒಂದು ಜೀವಿ ಇದನ್ನು ಮಾಡುತ್ತದೆ ಅಂತ ತಿಳಿಯಿತು. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣ ನಮ್ಮ ಕಡೆ ರೂಢಿಯಾಯಿತು. ಆದರೆ ಅದಕ್ಕೂ ಮೊದಲೇ ನಮ್ಮವರು ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಗೊನೆಗೊನೆಗೂ ಕೊಟ್ಟೆ ಅನ್ನುವ ಹೊದಿಕೆ ಕಟ್ಟುತ್ತಿದ್ದರು. ಕಾರಣ ಗೊತ್ತಿಲ್ಲ ಅಂತ ಯಾರೂ ರೋಗವೇ ಇಲ್ಲ ಅನ್ನಲಿಲ್ಲ. ಗೊನೆಯ ಮೇಲೆ ನೀರು ಬೀಳದ ಹಾಗೆ ನೋಡಿಕೊಂಡರೆ ಕಾಯಿ ಉಳಿಯುತ್ತದೆ ಅನ್ನುವುದು ಗೊತ್ತಿತ್ತು, ಅಷ್ಟನ್ನು ಮಾಡಿದರು. ನಿನ್ನ ವಿಷಯದಲ್ಲಿ ನಾನೂ ಅಲ್ಲೇ ನಿಂತಿದ್ದೇನೆ.

ಪಿಜಿಗೆ ಬರುವ ಮುಂಚೆ ನೀನಿದ್ದ ಆ ಬಾಡಿಗೆ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗ್ರೌಂಡ್ ಫ್ಲೋರ್, ಬಿಸಿಲು ಬೀಳದ ಕೋಣೆ, ಪಕ್ಕದ ಕಟ್ಟಡಕ್ಕೂ ಕಿಟಕಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ನಿನ್ನ ಮಂಚದ ತಲೆಯ ಕಡೆ ಬಾತ್‌ರೂಮಿನ ಗೋಡೆ. ಬೀರು ಈಚೆ ಸರಿಸಿದಾಗ ಹಿಂದೆ ನೆಲದಿಂದ ಸೊಂಟದ ಎತ್ತರದವರೆಗೆ ಕಪ್ಪು ಕಪ್ಪು ಚುಕ್ಕೆ. ಬಣ್ಣ ಉಬ್ಬಿ ಏಳುತ್ತಿತ್ತು. ಕೈಯಿಟ್ಟರೆ ಗೋಡೆ ತಣ್ಣಗೆ, ಹಸಿ. ಬಾಗಿಲು ತೆಗೆಯುತ್ತಿದ್ದ ಹಾಗೇ ಮೂಗಿಗೆ ಬಡಿಯುವ ಆ ಮುಗ್ಗಲು ವಾಸನೆ ನನಗಿನ್ನೂ ನೆನಪಿದೆ. ಒಳಗಿನ ಪೈಪು ಸೋರುತ್ತಿತ್ತು. ಓನರ್ ಪೈಪ್ ಮುಟ್ಟದೆ ಮೇಲೆ ಬಣ್ಣ ಹೊಡೆಸಿದರು. ಸೋರುವುದು ನಿಲ್ಲದೆ ಬಣ್ಣ ಹೊಡೆದರೆ ಏನು ಬಂತು? ಗೋಡೆ, ಪ್ಲೈವುಡ್, ರಟ್ಟು, ಬಟ್ಟೆ ಯಾವುದೇ ಇರಲಿ, ಒಂದೆರಡು ದಿನ ಒಣಗದೆ ಒದ್ದೆಯಾಗಿ ಉಳಿದರೆ ಸಾಕು, ಬೂಷ್ಟು ಬೆಳೆಯಲು ಶುರುವಾಗುತ್ತದೆ. ಬ್ಲೀಚ್ ಹಾಕಿ ಕೊಂದರೂ ಸತ್ತ ಬೂಷ್ಟೇ ಅಲರ್ಜಿ ಮಾಡಬಲ್ಲದು. ಕೆರೆದು ತೆಗೆಯಬೇಕು, ನೀರಿನ ಮೂಲ ನಿಲ್ಲಿಸಬೇಕು.

ನೀನು ಒಳಗೆ ಬಟ್ಟೆ ಒಣಹಾಕಿದ್ದಕ್ಕೇ ಹೀಗಾಯಿತು ಅಂತ ಓನರ್ ಹೇಳಿದರಲ್ಲ, ಆ ಮಾತು ನಿನ್ನ ಮನಸ್ಸಿನಲ್ಲಿ ಕೂತಿದೆ ಅಂತ ನನಗೆ ಗೊತ್ತು. ಇಂಗ್ಲೆಂಡಿನ ರೋಚ್‌ಡೇಲ್ ಅನ್ನುವ ಊರಿನಲ್ಲಿ ಅವಾಬ್ ಇಶಾಕ್ ಅಂತ ಎರಡು ವರ್ಷದ ಮಗು ಇತ್ತು. ಅವರ ಬಾಡಿಗೆ ಫ್ಲ್ಯಾಟಿನ ಗೋಡೆಯ ತುಂಬ ಬೂಷ್ಟು. ಮಗು ಹುಟ್ಟುವ ಮೊದಲೇ, 2017ರಲ್ಲಿ, ಅಪ್ಪ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿಯಿರಿ ಅಂದರು. ನಿಮ್ಮ ಬದುಕುವ ರೀತಿಯೇ ಸರಿಯಿಲ್ಲ ಅನ್ನುವ ಮಾತೂ ಬಂತು. 2020ರ ಡಿಸೆಂಬರ್‌ನಲ್ಲಿ ಮಗು ಉಸಿರಿನ ತೊಂದರೆಯಿಂದ ತೀರಿಕೊಂಡಿತು. ಆ ಮನೆಯ ಬೂಷ್ಟೇ ಇದಕ್ಕೆ ಕಾರಣ ಅಂತ 2022ರಲ್ಲಿ ಅಲ್ಲಿನ ವಿಚಾರಣಾಧಿಕಾರಿ ತೀರ್ಮಾನ ಕೊಟ್ಟರು. ಮರುವರ್ಷ ಆ ಮಗುವಿನ ಹೆಸರಿನಲ್ಲೇ ಕಾನೂನು ತಂದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಸೋರುವ ಗೋಡೆಗೆ ಬಾಡಿಗೆಯವರನ್ನೇ ದೂರುವುದು ಹಳೆಯ ಚಾಳಿ. ಆ ದೂರನ್ನು ನೀನು ತಲೆಯ ಮೇಲೆ ಹೊತ್ತುಕೊಂಡು ತಿರುಗಬೇಡ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಿನ್ನ ಎಲ್ಲ ತೊಂದರೆಗೂ ಬೂಷ್ಟೇ ಕಾರಣವಾ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ಮಾರ್ಗಸೂಚಿ ತಂದಿದೆ. ಕೆಮ್ಮು, ಮೂಗು ಕಟ್ಟುವುದು, ಎದೆ ಗೊರಗೊರ ಅನ್ನುವುದು, ಉಬ್ಬಸ ಹೆಚ್ಚಾಗುವುದು, ಇವಕ್ಕೂ ತೇವದ ಮನೆಗೂ ಸಂಬಂಧ ಇರುವುದಕ್ಕೆ ಸಾಕಷ್ಟು ಆಧಾರ ಇದೆ ಅಂತ ಅದರಲ್ಲಿ ಹೇಳಿದ್ದಾರೆ. ನಿನ್ನ ಉಬ್ಬಸಕ್ಕೆ ಇನ್ಹೇಲರ್ ಹಿಡಿಸಿತಲ್ಲ, ಆ ಭಾಗದ ಲೆಕ್ಕ ಹೊಂದುತ್ತದೆ. ಆದರೆ ಈ ಸುಸ್ತು, ಮೈಕೈ ನೋವು, ತಲೆ ಮಂಕಾಗುವುದು, ಬೆಳಕು ಕಂಡರೆ ಆಗದಿರುವುದು, ಇವುಗಳಿಗೆ ಬೂಷ್ಟೇ ಕಾರಣ ಅಂತ ವಿಜ್ಞಾನ ಇನ್ನೂ ಖಚಿತವಾಗಿ ಹೇಳಿಲ್ಲ. ಹೌದು ಅನ್ನಲು ಆಧಾರ ಸಾಲದು. ನಿನಗೆ ಹಾಗೆ ಆಗುತ್ತಿಲ್ಲ ಅನ್ನುವ ಮಾತಂತೂ ಅದಲ್ಲ. ಆ ಮನೆಗೆ ಹೋಗುವ ಮುಂಚೆ ನೀನು ಹೇಗಿದ್ದೆ ಅಂತ ನಾನು ಬಲ್ಲೆ. ಕುಂದಾದ್ರಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಮೇಲೆ ನಿಂತು ನಮ್ಮನ್ನು ಕೂಗಿ ಕರೆಯುತ್ತಿದ್ದ ಹುಡುಗಿ ನೀನು.

ಗೊತ್ತಿಲ್ಲದ ಜಾಗ ಇದ್ದಲ್ಲಿ ಮಾರುವವರು ಬಂದು ಕೂರುತ್ತಾರೆ. ಮೂತ್ರದಲ್ಲಿ ಬೂಷ್ಟಿನ ವಿಷ ಹುಡುಕುವ ದುಬಾರಿ ಪರೀಕ್ಷೆಯ ಲಿಂಕ್ ಕಳಿಸಿದ್ದೆಯಲ್ಲ, ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ತಿನ್ನುವ ಕಾಳುಕಡ್ಡಿಯಿಂದಲೂ ಆ ಅಂಶ ಸ್ವಲ್ಪ ದೇಹಕ್ಕೆ ಸೇರುತ್ತದೆ. ಹಾಗಾಗಿ ಮೂತ್ರದಲ್ಲಿ ಕಂಡರೂ ಮನೆಯಿಂದಲೇ ಬಂತು ಅನ್ನಲಾಗದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೂಡ ಇಂಥ ಪರೀಕ್ಷೆ ಮಾಡಿಸಿ ಅಂತ ಹೇಳುವುದಿಲ್ಲ. ಪರೀಕ್ಷೆಯ ಹಿಂದೆಯೇ ಡಿಟಾಕ್ಸ್ ಪ್ಯಾಕೇಜ್ ಬರುತ್ತದೆ, ಅದರ ಹಿಂದೆ ಮತ್ತೊಂದು. ದುಡ್ಡಿನ ಮುಖ ನೋಡಿ ಹೇಳುತ್ತಿಲ್ಲ ಮಗಳೇ. ನಿನಗೆ ಗುಣ ಆಗುತ್ತದೆ ಅಂತಾದರೆ ತೋಟ ಮಾರಲೂ ನಾನು ಹಿಂದೆಮುಂದೆ ನೋಡುವುದಿಲ್ಲ. ಸುಮ್ನೆ ಆಸೆ ಹುಟ್ಟಿಸಿ ಅದನ್ನು ಕಿತ್ತುಕೊಳ್ಳುವವರ ಕೈಗೆ ನಿನ್ನನ್ನು ಕೊಡಲು ಮನಸ್ಸಿಲ್ಲ.

ಅದರ ಬದಲು ಶ್ವಾಸಕೋಶದ ಡಾಕ್ಟರ ಹತ್ತಿರ ಕೆಲವನ್ನು ಬಿಡಿಸಿ ಕೇಳೋಣ. ನಮ್ಮ ದೇಶದ 27 ಕೇಂದ್ರಗಳು ಸೇರಿ ಶ್ವಾಸಕೋಶದ ಅಂಗಾಂಶ ಕೆಡುವ ಕಾಯಿಲೆಯ 1,084 ಜನರನ್ನು ಅಭ್ಯಾಸ ಮಾಡಿದ್ದವು. ಅದರ ವರದಿ 2017ರಲ್ಲಿ ಬಂತು. ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಕಂಡದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಉಸಿರಿನಲ್ಲಿ ಒಳಹೋದ ಬೂಷ್ಟು, ಹಕ್ಕಿಯ ಹಿಕ್ಕೆಯಂಥ ವಸ್ತುವಿಗೆ ಶ್ವಾಸಕೋಶ ಕೆರಳಿ ಬರುವ ಕಾಯಿಲೆ ಅದು. ಒದ್ದೆ ಪ್ಯಾಡಿನ ಏರ್ ಕೂಲರ್ ಬಳಸುವವರು ಅವರಲ್ಲಿ ಬಹಳ ಇದ್ದರು. ಇದು ಸಾದಾ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಎಚ್‌ಆರ್‌ಸಿಟಿ ಅನ್ನುವ ಎದೆಯ ಸ್ಕ್ಯಾನ್ ಬೇಕಾಗುತ್ತದೆ. ಆಸ್ಪರ್‌ಜಿಲಸ್ ಅನ್ನುವ ಬೂಷ್ಟಿಗೆ ಉಬ್ಬಸದವರ ಶ್ವಾಸಕೋಶ ಕೆರಳುವ ಇನ್ನೊಂದು ಕಾಯಿಲೆ ಇದೆ. ನಮ್ಮಲ್ಲಿ ಅದನ್ನು ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದೂ ಉಂಟು. ಅದಕ್ಕೆ ಐಜಿಇ ಅಂತ ಅಲರ್ಜಿಯ ರಕ್ತ ಪರೀಕ್ಷೆ ಇದೆ. ನಿನಗೆ ಇವು ಇವೆ ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತಾದರೂ ಖಚಿತವಾಗಲಿ. ಡಾಕ್ಟರ ಮುಂದೆ ಕೂತಾಗ "ಬೂಷ್ಟಿನ ಮನೆಯಲ್ಲಿ ಇದ್ದೆ, ಗೋಡೆಯ ಫೋಟೋ ಇಲ್ಲಿದೆ" ಅಂತಲೇ ಶುರು ಮಾಡು. ಮನೆ ಹೇಗಿದೆ ಅಂತ ಅವರಾಗಿ ಕೇಳುವುದು ಕಮ್ಮಿ.

ಅತ್ತೆ ಅಂದ ಮಾತಿಗೆ ಬೇಜಾರು ಮಾಡಿಕೊಂಡಿದ್ದೀಯ. "ನಾವೆಲ್ಲ ಬೂಷ್ಟಿನಲ್ಲೇ ಹುಟ್ಟಿ ಬೆಳೆದವರು, ನಮಗೇನಾಗಿದೆ" ಅಂದಳಂತೆ. ಮಳೆಗಾಲದಲ್ಲಿ ನಮ್ಮ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವುದು ಸುಳ್ಳಲ್ಲ. ಆದರೆ ಹಳೆಯ ಹೆಂಚಿನ ಮನೆಯಲ್ಲಿ ಸಂದುಸಂದಿನಿಂದ ಗಾಳಿ ಆಡುತ್ತಿತ್ತು. ಬಚ್ಚಲ ಒಲೆ ದಿನವಿಡೀ ಉರಿಯುತ್ತಿತ್ತು, ಬಟ್ಟೆ ಅದರ ಮೇಲೆಯೇ ಒಣಗುತ್ತಿತ್ತು. ಸಿಮೆಂಟಿನ ಮುಚ್ಚಿದ ಕೋಣೆ ಹಾಗಲ್ಲ. ಒಬ್ಬರಿಗೆ ಆಗದ್ದು ಇನ್ನೊಬ್ಬರ ಮೈಗೆ ಆಗುತ್ತದೆ, ಅದೂ ನಿಜ. ಇನ್ನು ನಮಗೇನೂ ಆಗಿಲ್ಲ ಅನ್ನುವ ಮಾತು. ನಿನ್ನ ಮುತ್ತಜ್ಜಿ ಪ್ರತಿ ಮಳೆಗಾಲವೂ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೆ "ಮಳೆಗಾಲದ ದಮ್ಮು" ಅಂತ ಹೆಸರಿಟ್ಟು ಎಲ್ಲರೂ ಸುಮ್ಮನಾಗಿದ್ದರು. ಯಾಕೆ ಮಳೆಗಾಲದಲ್ಲೇ ಬರುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ನೀನು ಏನೂ ಹೇಳಬೇಡ. ಅದಕ್ಕೆ ಉತ್ತರ ಕೊಡುವುದು ನನ್ನ ಮತ್ತು ನಿನ್ನಮ್ಮನ ಕೆಲಸ. ಅಜ್ಜಿ ಸಿಗಂದೂರಿಗೆ ಹರಕೆ ಹೊತ್ತಿದ್ದಾಳೆ, ಹೊರಲಿ. ಅವಳ ಪ್ರೀತಿ ಅದು.

ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿಬಿಡಬೇಕು ಅಂತ ನಿನಗೆ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡ. ಸ್ವಲ್ಪ ಶಕ್ತಿ ಉಳಿದಿರುವಾಗಲೇ ಮಲಗು. ದುಡಿದ ಮರುದಿನ ಕುಸಿದು ಬೀಳುವ ದೀರ್ಘ ಸುಸ್ತಿನ ಕಾಯಿಲೆಯವರಿಗೆ ದಿನದಿನಕ್ಕೂ ವ್ಯಾಯಾಮ ಏರಿಸುತ್ತಾ ಹೋಗಿ ಅನ್ನುವ ಸಲಹೆಯನ್ನು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿದೆ. ನಿನ್ನದು ಅದೇ ಕಾಯಿಲೆ ಅಂತ ಯಾರೂ ಹೇಳಿಲ್ಲ, ಸರಿ. ಆದರೆ "ಜಿಮ್‌ಗೆ ಹೋಗು, ಮೈ ಹಗುರಾಗುತ್ತೆ" ಅನ್ನುವ ಗೆಳತಿಯರ ಮಾತು ಕೇಳಿ ಮೂರು ದಿನ ಮಲಗುವುದಕ್ಕಿಂತ ನಿನ್ನ ಮೈ ಹೇಳಿದ್ದನ್ನು ಕೇಳು. ಕೆಲಸ ಬಿಡಬೇಕಾಗಿ ಬಂದರೆ ಬಿಡು. ಮೊದಲು ರಜೆ ಕೇಳಿ ನೋಡು, ಡಾಕ್ಟರ ಸರ್ಟಿಫಿಕೇಟ್ ಇಟ್ಟು ಕೇಳು. ನಿನ್ನ ಸಂಬಳ ನೋಡಿಕೊಂಡು ಈ ಮನೆ ನಡೆಯುತ್ತಿಲ್ಲ.

ಮನೆಗೆ ಬಾ ಅಂತ ಅಮ್ಮ ದಿನಾ ಅನ್ನುತ್ತಾಳೆ. ನನಗೆ ಆಸೆ ಇಲ್ಲವಾ? ಆದರೆ ಈಗ ನಮ್ಮ ಮನೆಯೇ ನೀರಿನಲ್ಲಿ ನೆಂದ ಹಾಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ ನಮ್ಮ ಕಡೆಗೂ ಒಂದಿಷ್ಟು ಬಿಡುತ್ತದೆ. ಮನೆಯೊಳಗಿನ ಗಾಳಿಯ ತೇವ ನೂರಕ್ಕೆ ಅರವತ್ತಕ್ಕಿಂತ ಕೆಳಗಿರಬೇಕು ಅನ್ನುತ್ತಾರೆ. ಆಷಾಢ, ಶ್ರಾವಣದಲ್ಲಿ ಇಲ್ಲಿ ಅದು ಆಗದ ಮಾತು. ನಿನ್ನ ಕೋಣೆಯ ಹಿಂದಿನ ಗೋಡೆಗೆ ಹಾವಸೆ ಕಟ್ಟಿದೆ. ಬಿಸಿಲು ಬಿದ್ದ ಮೇಲೆ ಸೂರು ಮುಂದಕ್ಕೆ ಎಳೆಸಿ, ಆ ಗೋಡೆಯ ಗಾರೆ ಕಿತ್ತು ಹೊಸದಾಗಿ ಮಾಡಿಸುತ್ತೇನೆ. ಗಾರೆ ಕೆಲಸದವರಿಗೆ ಹೇಳಿಟ್ಟಿದ್ದೇನೆ.

ಅಲ್ಲಿಯವರೆಗೆ ಚಿತ್ರದುರ್ಗದ ದೊಡ್ಡಮ್ಮನ ಮನೆಯಲ್ಲಿ ಇರು. ಆ ಕಡೆ ಒಣ ಹವೆ. ಅವರ ಮಹಡಿ ಕೋಣೆಗೆ ಎರಡು ಕಡೆ ಕಿಟಕಿ ಇದೆ, ಬೆಳಗಿನ ಬಿಸಿಲು ಬೀಳುತ್ತದೆ. ದೊಡ್ಡಮ್ಮ ಕೆದಕಿ ಕೇಳುವವಳಲ್ಲ. ಮಲಗಿದ್ದರೆ ಎಬ್ಬಿಸುವವಳೂ ಅಲ್ಲ. ಅಲ್ಲಿ ಹೋದ ತಕ್ಷಣ ಗುಣ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಎದೆ ಹಗುರಾಗಬಹುದು, ಸುಸ್ತು ಹಾಗೇ ಉಳಿಯಬಹುದು. ಉಳಿದರೂ ನಿನ್ನನ್ನು "ಇನ್ನೂ ಹುಷಾರಾಗಿಲ್ವಾ" ಅಂತ ಕೇಳುವವರು ಆ ಮನೆಯಲ್ಲೂ ಇಲ್ಲ, ಈ ಮನೆಯಲ್ಲೂ ಇಲ್ಲ.

ಶನಿವಾರ ರಾತ್ರಿ ತೀರ್ಥಹಳ್ಳಿಯಿಂದ ಬಸ್ಸು ಹತ್ತುತ್ತೇನೆ, ಭಾನುವಾರ ಬೆಳಿಗ್ಗೆ ನಿನ್ನ ಪಿಜಿ ಹತ್ತಿರ ಇರುತ್ತೇನೆ. ನೀನು ಏನನ್ನೂ ಕಟ್ಟಬೇಡ, ಎತ್ತಬೇಡ. ಆ ಮನೆಯಿಂದ ತಂದ ಹತ್ತಿ ಹಾಸಿಗೆ, ದಿಂಬು ಎರಡನ್ನೂ ಅಲ್ಲೇ ಎಸೆದು ಬರೋಣ, ಅವನ್ನು ತೊಳೆದು ಸರಿ ಮಾಡಲಾಗದು. ರೇಷ್ಮೆ ಸೀರೆಗಳನ್ನು ಮಾತ್ರ ಬೇರೆ ಕವರಿನಲ್ಲಿ ಇಡು, ದೊಡ್ಡಮ್ಮ ಮಹಡಿಯಲ್ಲಿ ಬಿಸಿಲಿಗೆ ಹಾಕಿಸುತ್ತಾಳೆ ಅಂತ ಅಮ್ಮ ಹೇಳಿದ್ದಾಳೆ. ಎಲ್ಲ ರಿಪೋರ್ಟು, ಗೋಡೆಯ ಫೋಟೋ, ಬಾಡಿಗೆ ಕರಾರು ಪತ್ರ ಒಂದೇ ಫೈಲಿನಲ್ಲಿ ಹಾಕಿಡು. ಅಡ್ವಾನ್ಸ್ ವಾಪಸ್ ಕೊಡದ ಓನರ್ ಹತ್ತಿರ ನಾನೇ ಮಾತಾಡುತ್ತೇನೆ. ಆ ಫೈಲ್ ನನ್ನ ಕೈಗೆ ಕೊಟ್ಟು ನೀನು ಬಸ್ಸಿನಲ್ಲಿ ಕಿಟಕಿ ಪಕ್ಕ ಮಲಗು.

ನಿನ್ನ,
ಅಪ್ಪ